ಸರ್ಫರಾಜನ ಪರವಾಗಿ ಒಲ್ಲೆ ಎನ್ನುವ ಕಾಯ್ದೆ

೧
"ಗಂಡಸೇನೋ ನೀನು? ಹುಡುಗಿ ಬೇಡ ಅನ್ನೋಕೆ ಬಾಯಿಲ್ಲ, ಗೋರಾಗಳ ಕಾಯ್ದೆ ಬರಲಿ ಅಂತ ಕಾಯ್ತಾ ಕೂತಿದೀಯಾ?"

ಹೀಗೇ ಶುರು ಮಾಡಲೋ ಬೇಡವೋ? ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಸಮುದಾಯ ಭವನದಲ್ಲಿ, ಚಹಾ ಹಿಡಿದು ನಿಂತ ಇಡೀ ಬಿರಾದರಿಯ, ಅಂದರೆ ಕುಲಬಾಂಧವರ, ಎದುರು, ಲತೀಫ್ ಚಾಚಾ ತನ್ನ ಅಣ್ಣನ ಮಗ ಸರ್ಫರಾಜನಿಗೆ ಅಂದ ಮಾತು ಇದು. ಸೋದರಸಂಬಂಧಿಗಳ ಮದುವೆ ನಿಷೇಧಿಸುವ ಮಸೂದೆಯನ್ನು ವಿರೋಧಿಸಲು ಕರೆದ ಸಭೆ. ಸರ್ಫರಾಜ್ ಮಾತ್ರ ಸಹಿ ಹಾಕಿರಲಿಲ್ಲ. ಹುಡುಗಿ ಚಾಚಾನ ಮಗಳೇ, ಸುಂಬಲ್. ಸಮೋಸದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

(ಮೊದಲ ಕರಡಿನಲ್ಲಿ ಹಿಮ ಬೀಳುತ್ತಿತ್ತು. ಹರಿದು ಹಾಕಿದೆ. ಸಿಟ್ಟು ಬಂದವನಿಗೆ ಹಿಮ ಎಲ್ಲಿ ಕಾಣುತ್ತದೆ?)

೨
ಓದುವವರೇ, ಮೂಗು ಮುರಿಯಬೇಡಿ. ಅತ್ತೆಮಗಳು ಅಂದರೆ ಮುಖ ಅರಳಿಸುವವರು ನೀವು. ನಿಮಗೆ ತಂಗಿಯಾಗುವ ಚಿಕ್ಕಪ್ಪನ ಮಗಳು ಇಲ್ಲಿ ಹೆಂಡತಿಯಾಗಬಹುದು, ಅಷ್ಟೇ.

ಗಂಟು ಬೇರೆ ಕಡೆ ಇದೆ. ಇದು ಅದಲು-ಬದಲು ಮದುವೆ. ಸರ್ಫರಾಜನ ಅಕ್ಕ ರಿಫತ್ ಚಾಚಾನ ಮಗನ ಹೆಂಡತಿ. ಬದಲಿಗೆ ಸುಂಬಲ್ ಇವನಿಗೆ. ಇವನು ಒಲ್ಲೆ ಎಂದ ದಿನ ಅಕ್ಕನನ್ನು ತವರಿಗೆ ಅಟ್ಟುತ್ತಾರೆ. ಅವಳ ಮೊದಲ ಮಗು ಮಣ್ಣಲ್ಲಿದೆ. ಎರಡನೆಯದನ್ನು ಅವರೇ ಇಟ್ಟುಕೊಳ್ಳುತ್ತಾರೆ. ಈ ಮದುವೆ ಕೂಡದು ಎಂದು ಕಾಯ್ದೆಯೇ ಹೇಳಿಬಿಟ್ಟರೆ ಮಾತು ಮುರಿದವರು ಯಾರೂ ಇಲ್ಲ. ಅಕ್ಕನ ಮನೆ ಉಳಿಯುತ್ತದೆ.

೪
(ಮೂರರಲ್ಲಿ ಒಬ್ಬ ಡಾಕ್ಟರು ರಕ್ತಸಂಬಂಧದ ಮದುವೆಯಿಂದ ಮಕ್ಕಳಿಗೆ ಬರುವ ಕಾಯಿಲೆಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ತೆಗೆದುಹಾಕಿದೆ.)

ಸರ್ಫರಾಜ್ ನನ್ನ ಮೇಲೇ ಬಿದ್ದ. "ಬರೆಯೋನು ನೀನು ತಾನೆ? ಮಸೂದೆ ಪಾಸ್ ಮಾಡಿಬಿಡೋ ಭಾಯಿ. ಒಂದು ಸಾಲು ಸಾಕು."

"ಅದನ್ನ ತರೋರು ನಿನ್ನ ಅಕ್ಕನ ಮಗು ಸತ್ತಾಗ ಬಂದಿದ್ರೇನೋ? ಅವರಿಗೆ ನಮ್ಮ ಮಕ್ಕಳ ಚಿಂತೆ ಅಲ್ಲ, ನಮ್ಮ ಮುಖ ಕಂಡ್ರೆ ಆಗಲ್ಲ" ಅಂದೆ.

"ಗೊತ್ತು. ಆದ್ರೂ ಪಾಸ್ ಮಾಡು."

(ಹದಿನೈದಕ್ಕೇ ಶಾಲೆ ಬಿಟ್ಟವನು ನಾನು. ಪಾರ್ಲಿಮೆಂಟು ನಡೆಸು ಅನ್ನುತ್ತಾನೆ!)

೫
ಅಂತ್ಯ ಒಂದು: ಕಾಯ್ದೆ ಬರುತ್ತದೆ. ಚಾಚಾ ಎಲ್ಲರನ್ನೂ ವಿಮಾನ ಹತ್ತಿಸಿ ಪಾಕಿಸ್ತಾನದ ಕಡೆಯ ತಮ್ಮ ಮೂಲ ಊರು ಮೀರ್‌ಪುರದಲ್ಲಿ ನಿಕಾಹ್ ಮಾಡಿಸುತ್ತಾನೆ. ಹೊಡೆದುಹಾಕಿದೆ.

ಇನ್ನೊಂದು: ಕಾಯ್ದೆ ಬರುವುದಿಲ್ಲ. ಮದುವೆಯಾಗುತ್ತದೆ. ಮಗು ಗಟ್ಟಿಮುಟ್ಟಾಗಿಯೇ ಹುಟ್ಟುತ್ತದೆ, ಹೆಚ್ಚಿನವು ಹಾಗೇ ಹುಟ್ಟುತ್ತವೆ. ಗಂಡಹೆಂಡಿರ ನಡುವೆ ಮಾತಿಲ್ಲ.

ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸುಂಬಲ್ ತಟ್ಟೆ ಕೆಳಗಿಟ್ಟಳು. ಅವಳಿಗೆ ನಾನು ಮಾತೇ ಕೊಟ್ಟಿರಲಿಲ್ಲ.

"ಅಬ್ಬಾಜಿ, ಗಂಡಸಾ ಅಂತ ಅವನನ್ನ ಕೇಳಿದ್ರಿ. ನನ್ನನ್ನ ಏನಾದ್ರೂ ಕೇಳಿದ್ರಾ?" ಆಮೇಲೆ ಸರ್ಫರಾಜನ ಕಡೆ ತಿರುಗಿದಳು. "ನಂಗೂ ಬೇಡ ಕಣೋ. ಇಬ್ರೂ ಒಟ್ಟಿಗೆ ಇಲ್ಲೇ ಹೇಳಿಬಿಡೋಣ. ಹೇಳ್ತೀಯಾ?"

ಗೋಡೆಯ ಬಳಿ ರಿಫತ್ ಮಗುವನ್ನು ಎದೆಗೆ ಅವುಚಿಕೊಂಡಳು.

ಅವನ ಬಾಯಿಗೆ 'ಹೇಳ್ತೀನಿ' ಎಂದು ಬರೆದೆ. ಅವನು ಹೇಳಲಿಲ್ಲ. 'ಇಲ್ಲ' ಎಂದು ತಿದ್ದಿದೆ. ಅದನ್ನೂ ಹೇಳಲಿಲ್ಲ. ಮುಗಿಸು ಎಂದು ನನ್ನನ್ನು ಕೇಳಬೇಡಿ, ಅವನನ್ನು ಹಿಡಿದು ಕೇಳಿ. ಅವನು ಅಕ್ಕನ ಹತ್ತಿರ ಹೋದ, ಮಗುವಿನ ಜಾರಿದ ಟೊಪ್ಪಿ ಸರಿಮಾಡಿದ, ಬಾಗಿಲು ತಳ್ಳಿಕೊಂಡು ಹೊರಟೇಹೋದ.