ಮಹಡಿ ಮೇಲಿನ ಗಾಳಿ

ಬಸ್ ಓಡಿಸುವ ಗಂಡನಿಗೆ ಗಾಳಿಯಂತ್ರದ ಹುಚ್ಚು ಹತ್ತಿದ್ದು ಕರೆಂಟ್ ಬಿಲ್ ಕೈಗೆ ಬಂದ ದಿನ. ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ಎರಡೂ ದಿನವಿಡೀ ಕರೆಂಟು ಕುಡಿಯುತ್ತಿದ್ದವು.

"ಮಹಡಿ ಮೇಲೆ ಒಣಹಾಕಿದ ಟವೆಲ್ಲು ಪಕ್ಕದ ಬೀದೀಲಿ ಸಿಗುತ್ತೆ. ಅಂಥ ಗಾಳೀನ ಸುಮ್ನೆ ಬಿಡೋದಾ? ಒಂದು ಯಂತ್ರ ಕೂರಿಸಿದ್ರೆ ಕರೆಂಟು ಪುಕ್ಕಟೆ!" ಎಂದ ಗಂಡ.

"ಯಂತ್ರಾನೂ ಪುಕ್ಕಟೆ ಕೊಡ್ತಾರಾ?" ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು ಹೆಂಡತಿ. "ನಾನು ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕಲ್ಲ. ಮೊದ್ಲು ಗಾಳಿ ಅಳೆಯೋಣ."

ಯಂತ್ರದ ಅಂಗಡಿಯವನು ಗಾಳಿಮಾಪಕವೊಂದನ್ನು ಎರವಲು ಕೊಟ್ಟ. ಮೂರು ಪುಟ್ಟ ಬಟ್ಟಲುಗಳು ಗಾಳಿಗೆ ಗಿರಗಿರನೆ ತಿರುಗಿದರೆ ವೇಗ ಫೋನಿನಲ್ಲಿ ಕಾಣುತ್ತಿತ್ತು. ಮೊದಲ ವಾರ ಗಂಡನ ಮುಖ ಹುಳ್ಳಗಾಯಿತು. ಪಕ್ಕದ ಎತ್ತರದ ಕಟ್ಟಡ ಗಾಳಿಗೆ ಅಡ್ಡ ನಿಂತಿತ್ತು. ಒಮ್ಮೆ ರಪ್ಪೆಂದು ಬೀಸಿದರೆ ಆಮೇಲೆ ಗಂಟೆಗಟ್ಟಲೆ ಸದ್ದಿಲ್ಲ.

ಎರಡನೇ ವಾರ ಇದ್ದಕ್ಕಿದ್ದಂತೆ ಮಧ್ಯಾಹ್ನದ ಗಾಳಿ ಜೋರಾಯಿತು. ಗಂಡ ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಸುದ್ದಿ ಹಂಚಿದ.

ಹೆಂಡತಿಗೆ ಮಾತ್ರ ಅನುಮಾನ. ಫೋನಿನಲ್ಲಿ ಬಿರುಗಾಳಿ, ಕಿಟಕಿಯ ಪರದೆಯಲ್ಲಿ ಅಲುಗಾಟವೇ ಇಲ್ಲ. ಒಂದು ಮಧ್ಯಾಹ್ನ ಸದ್ದು ಮಾಡದೆ ಮಹಡಿ ಹತ್ತಿದಳು. ಕೊಡೆ ಹಿಡಿದು ಕುರ್ಚಿಯಲ್ಲಿ ಕೂತಿದ್ದರು ಅತ್ತೆ. ಪಕ್ಕದ ಸ್ಟೂಲಿನ ಮೇಲೆ ಅವರ ಕೋಣೆಯ ಟೇಬಲ್ ಫ್ಯಾನು ಗಾಳಿಮಾಪಕಕ್ಕೆ ಮುಖ ಮಾಡಿ ಭರ್ರೋ ಎನ್ನುತ್ತಿತ್ತು.

"ಅತ್ತೆ! ಕರೆಂಟು ಉಳಿಸೋಕೆ ಕರೆಂಟು ಸುಡ್ತಿದೀರಾ?"

ಅತ್ತೆ ಗಡಿಬಿಡಿಯಿಂದ ಫ್ಯಾನು ಆರಿಸಿದರು. "ಏನ್ ಮಾಡ್ಲಿ ಕಣೆ. ಅವರಪ್ಪ ಹೋದಮೇಲೆ ಅವನು ಊಟಕ್ಕೆ ಕೂತು ಇಷ್ಟು ಮಾತಾಡಿದ್ದೇ ಇಲ್ಲ. ಗಾಳಿ ಇಲ್ಲ ಅಂದ್ರೆ ಮತ್ತೆ ಬಾಯಿಗೆ ಬೀಗ ಹಾಕ್ಕೋತಾನೆ ಅಂತ..."

ಹೆಂಡತಿ ಬೈಯಬೇಕೆಂದಿದ್ದವಳು ಅವರ ಕಾಲ ಬಳಿಯೇ ಕುಳಿತಳು. ಅವಳಿಗೂ ಆ ಮೌನ ಸಾಕಾಗಿಹೋಗಿತ್ತು.

ಸಂಜೆ ಅತ್ತೆಯೇ ವಿಷಯ ಹೇಳಿದರು. ಮಗ ಮೊದಲು ಕೆಂಪಾದ. ಆಮೇಲೆ ಕೊಡೆ, ಕುರ್ಚಿ, ಫ್ಯಾನು ಎಲ್ಲ ಕಣ್ಣಿಗೆ ಕಟ್ಟಿದಂತಾಗಿ ಕೆಮ್ಮು ಬರುವಷ್ಟು ನಕ್ಕ. ಅಮ್ಮನ ಗಾಳಿ ಬಿಟ್ಟು ಲೆಕ್ಕ ಹಾಕಿದರೆ, ಹಾಕಿದ ದುಡ್ಡು ವಾಪಸಾಗುವ ಹೊತ್ತಿಗೆ ಯಂತ್ರ ಗುಜರಿ ಸೇರಿರುತ್ತಿತ್ತು.

"ಹಾಗಾದ್ರೆ ಬೇಡ ಬಿಡು," ಎಂದು ಎದ್ದ.

"ಇಲ್ಲಿ ಬೇಡ," ಎಂದಳು ಹೆಂಡತಿ. "ನಿಮ್ಮ ತಂಗಿ ಮನೆ ಇರೋದು ಬೋಳುಗುಡ್ಡದ ಮೇಲೆ. ಹಾಲಿನ ವ್ಯಾಪಾರ ಅವಳದ್ದು, ಹಾಲು ತಣ್ಣಗಿಡೋ ಕರೆಂಟಿಗೇ ಸಂಪಾದನೆಯೆಲ್ಲ ಕರಗ್ತಿದೆ. ಅಲ್ಲಿ ಅಳೆದು ನೋಡ್ರಿ."

ಅವನು ರಜೆ ಸಿಕ್ಕಾಗಲೆಲ್ಲ ಗುಡ್ಡ ಹತ್ತಿದ. ಬೇಸಿಗೆಯಲ್ಲೂ ಅಳೆದ, ಚಳಿಯಲ್ಲೂ ಅಳೆದ. ಈ ಸಲ ಲೆಕ್ಕ ಕೂಡಿಬಂತು. ಯಂತ್ರದ ಅರ್ಧ ಬಾಳು ಕಳೆಯುವುದರೊಳಗೆ ಅಸಲು ಕೈಸೇರುವಂತಿತ್ತು. ತಂಗಿ ಧೈರ್ಯ ಮಾಡಿದಳು.

ರೆಕ್ಕೆಗಳು ಮೊದಲ ಬಾರಿ ತಿರುಗಿದ ದಿನ ಮನೆಮಂದಿಯೆಲ್ಲ ಗುಡ್ಡದ ಮೇಲಿದ್ದರು. ಅವನು ಕಂಬದ ಬುಡದಲ್ಲಿ ಕತ್ತೆತ್ತಿ ನಿಂತು, ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಲೇ ಇದ್ದ.

"ಅಣ್ಣಾ, ಸಾಕು ಬಾರೋ, ಅನ್ನ ಆರಿಹೋಗ್ತಿದೆ!" ತಂಗಿ ಬಾಗಿಲಿಂದ ಕೂಗಿದಳು.

"ಮಾತಾಡ್ಲಿ ಬಿಡೆ, ಬಿಸಿ ಮಾಡಿದ್ರಾಯ್ತು," ಎಂದರು ಅಮ್ಮ.