ದರ್ಜಿಯ ತೋಳಿನ ಅಳತೆ

ಮೂರನೇ ಕುರ್ಚಿಯ ಒಂದು ಕಾಲು ಗಿಡ್ಡ, ಇಡೀ ತಪಾಸಣಾ ಶಿಬಿರವನ್ನೇ ನಿಲ್ಲಿಸಿ ಚರ್ಚಿಸಬೇಕಾದಷ್ಟು ಗಂಭೀರ ವಿಷಯ, ಆದರೆ ಯಾರಿಗೂ ಪರಿವೆಯಿಲ್ಲ, ಕೂತವರೆಲ್ಲ ಎಡಕ್ಕೆ ವಾಲಿ, ವಾಲಲೇ ಇಲ್ಲವೆಂಬಂತೆ ಕೈಚೀಲ ಸರಿಮಾಡಿಕೊಳ್ಳುತ್ತಾರೆ, ಐವತ್ತು ದಾಟಿದ ಹೆಂಗಸರ ಮೂಳೆ ಪರೀಕ್ಷೆಗೆ ಎಂಥ ಏರ್ಪಾಡು, ಈಗ ನನ್ನ ಸರದಿ, ನಾನೂ ವಾಲಿದೆ, ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮಾ, ನರ್ಸ್ ಕೇಳಿದ್ದು ಆಚೆ ಬೀದಿಗೂ ಕೇಳಿಸಿರಬೇಕು, ಆರು ಎಂದೆ, ಬೆನ್ನ ಹಿಂದಿದ್ದ ವಾರಗಿತ್ತಿ ಸುಮ್ಮನಿರುತ್ತಾಳೆಯೇ, ಅದೊಂದು ನಿಂತಿದೆ ಸಿಸ್ಟರ್, ಅಕ್ಕನ ಬಾಯಿ ಇನ್ನೂ ನಿಂತಿಲ್ಲ, ಸಾಲಿಗೆ ಸಾಲೇ ನಕ್ಕಿತು, ನಾನೂ ನಕ್ಕೆ, ನಗುತ್ತಿರುವಾಗಲೇ ಅಮ್ಮನ ಬಲಗೈ ನೆನಪಾಯಿತು — ಮಡಿಲಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು, ಬೇರೆ ಯಾರದೋ ಕೈಯನ್ನು ನೋಡಿಕೊಳ್ಳಲು ಕೊಟ್ಟುಹೋದ ಹಾಗೆ, ಬಿ.ಪಿ. ಏರಿದ್ದು ಗೊತ್ತೇ ಆಗದೆ ಐವತ್ತೆಂಟಕ್ಕೆ ಲಕ್ವ ಹೊಡೆಯಿತು, ನನಗೀಗ ಐವತ್ತೇಳು, ನಾನು ದರ್ಜಿ, ನನ್ನ ಅನ್ನವಿರುವುದು ಬಲಗೈಯ ಎರಡು ಬೆರಳಿನ ತುದಿಯಲ್ಲಿ.

ಮೂಳೆಗೆ ಮೊದಲು ಬಿ.ಪಿ. ನೋಡ್ಬೇಕು, ತೋಳಿನ ಸುತ್ತಳತೆ ಎಷ್ಟು, ನರ್ಸ್ ಕೇಳಿದಳು, ನೀವೇ ಟೈಲರಲ್ವಾ, ನಾನ್ಯಾಕೆ ಅಳೀಲಿ, ಹೇಳಿಬಿಡಿ, ಹನ್ನೆರಡು ಇಂಚು ಎಂದೆ, ಎಂದೆನೇ, ಹೌದು, ಹಿಂದೆ ವಾರಗಿತ್ತಿ ಕಿವಿ ನಿಮಿರಿಸಿ ನಿಂತಿದ್ದಳಲ್ಲ, ನರ್ಸ್ ಬಿ.ಪಿ. ಯಂತ್ರದ ಒಂದು ಪಟ್ಟಿ ಆರಿಸಿ ತೋಳಿಗೆ ಸುತ್ತಿದಳು, ಗಾಳಿ ಒತ್ತಿದಳು, ನೂರ ಐವತ್ತನಾಲ್ಕು, ಕೆಳಗಿನದು ತೊಂಬತ್ತೆಂಟು, ಜಾಸ್ತಿ ಇದೆಯಮ್ಮಾ, ಡಾಕ್ಟರಿಗೆ ಬರೆದುಕೊಡ್ತೀನಿ — ಕತ್ತಿನಿಂದ ಬಿಸಿ ಏರುತ್ತಿದೆ, ಇದು ಆರು ವರ್ಷದಿಂದ ಬಂದುಹೋಗುವ ಬಿಸಿಯೋ ಹೊಸದೋ, ಅಂಗಡಿಯಲ್ಲಿ ಕತ್ತರಿಸಿಟ್ಟ ನಲವತ್ತು ಸಮವಸ್ತ್ರ, ಮಡಿಲಲ್ಲಿ ಅಮ್ಮನ ಕೈ, ನೊಣ ಕೂತರೂ ಅಲುಗದ ಕೈ, ನೋಡಬಾರದೆಂದು ಪಟ್ಟಿಯನ್ನೇ ನೋಡಿದೆ, ಮೂವತ್ತು ವರ್ಷ ಬಟ್ಟೆ ಕಂಡ ಕಣ್ಣು, ಪಟ್ಟಿಯ ತುದಿಗೆ ತುದಿ ಸರಿಯಾಗಿ ಕೂಡಿಲ್ಲ, ಬಿರಿಯುತ್ತಿದೆ, ಬಿಗಿಯಾದ ತೋಳಿಗೆ ಬಟ್ಟೆಯನ್ನು ಬೈದರೆ ಬಂತೇ, ಅಳತೆ ಹೇಳಿದವರು ಯಾರು, ವಾರಗಿತ್ತಿಯ ತೋಳಿನಳತೆಯನ್ನು ಪ್ರತಿ ಸಲ ಅಂಗಡಿ ತುಂಬ ಕೇಳುವಂತೆ ಓದುವವಳು ಯಾರು, ತನ್ನದನ್ನು ಮಾತ್ರ ಇಪ್ಪತ್ತು ವರ್ಷದಿಂದ ಹನ್ನೆರಡರಲ್ಲೇ ನಿಲ್ಲಿಸಿದವಳು ಯಾರು, ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಮಾತ್ರೆ ಶುರುವಾಗುತ್ತದೆ, ಸಿಸ್ಟರ್, ಹದಿನಾಲ್ಕೂವರೆ, ಏನಮ್ಮಾ, ತೋಳು, ಹದಿನಾಲ್ಕೂವರೆ ಇಂಚು, ಹನ್ನೆರಡು ಅಂದದ್ದು ಸುಳ್ಳು.

ಅಯ್ಯೋ ದೇವರೇ, ವಾರಗಿತ್ತಿಯ ದನಿಯಲ್ಲಿ ಹಾಲು ಉಕ್ಕಿತು, ಅಕ್ಕಾ, ನಂದು ಹದಿನಾಲ್ಕೇ ಕಣೇ, ಅಷ್ಟಕ್ಕೆ ದಿಂಬಿನ ಚೀಲ ಅಂತಿದ್ದೆಯಲ್ಲ, ನಗಲಿ, ನಗಲಿ, ನರ್ಸ್ ತಾನೇ ಟೇಪು ಹಿಡಿದು ಅಳೆದಳು, ಸಣ್ಣ ಪಟ್ಟಿ ಕಟ್ಟಿದ್ರೆ ಇಲ್ಲದ ಬಿ.ಪಿ.ನೂ ತೋರಿಸುತ್ತಮ್ಮಾ, ಐದು ನಿಮಿಷ ಮಾತಾಡದೆ ಕೂತಿರಿ, ಅದು ಆಗುತ್ತಾ ಇವಳ ಕೈಲಿ, ಇದು ವಾರಗಿತ್ತಿ, ಆಯಿತು, ಬಾಯಿ ಮುಚ್ಚಿ ಕೂತೆ, ದೊಡ್ಡ ಪಟ್ಟಿ ತೋಳನ್ನು ಪೂರ್ತಿ ಅಪ್ಪಿ ಹಿಡಿದು, ಬಿಟ್ಟು, ಉಸ್ಸೆಂದು — ನರ್ಸ್ ಬರೆಯುತ್ತಿದ್ದಾಳೆ, ಓದಿ ಹೇಳುವುದಿಲ್ಲ, ಮಡಿಲಲ್ಲಿ ಕೈ, ಬಲಗೈ, ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿದೆ, ದಾರದ ತುದಿ ಹೊಸೆಯುವ ಹಾಗೆ, ಇದು ನನ್ನ ಕೈ.

ನೂರ ಮೂವತ್ತನಾಲ್ಕು, ಎಂಬತ್ತನಾಲ್ಕು, ನರ್ಸ್ ಓದಿದಳು, ಕೆಳಗೆ ಡಾಕ್ಟರು ಬರೆದರು, ಉಪ್ಪು ಕಡಿಮೆ, ಮೂರು ತಿಂಗಳಿಗೆ ಇನ್ನೊಮ್ಮೆ ನೋಡುವುದು, ಸದ್ಯಕ್ಕೆ ಮಾತ್ರೆ ಬೇಡ.