ನಲವತ್ತೊಂದನೆಯ ಸಾಲಿನ ಷರಾ

ಶ್ರೀದೇವಿಯ ಕಡತದಲ್ಲಿ ಸುಳ್ಳು ಬರೆಯಬಾರದೆಂದು ಹಟ ಹಿಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಮುಚ್ಚಿಟ್ಟುಕೊಂಡಿದ್ದೆ ಅನ್ನಿಸೀತು.

೨೦೦೮ರ ಶ್ರಾವಣದಲ್ಲಿ ಅವಳು ತಾಯಿಯನ್ನು ಕರೆದುಕೊಂಡು ಬನಹಟ್ಟಿಯ ಹೊರಗಿನ ನಮ್ಮ ನೂಲಿನ ಗಿರಣಿಗೆ ಬಂದಳು. ನಾನು ಅಲ್ಲಿ ಟೈಮ್ ಆಫೀಸಿನ ಗುಮಾಸ್ತ. ಹಾಜರಿ, ರಜೆ, ಕಾರ್ಮಿಕರ ಕಡತ ಎಲ್ಲ ನನ್ನ ಕೈಯಲ್ಲಿ. ನೂಲನ್ನು ಕೋನಿಗೆ ಸುತ್ತುವ ವೈಂಡಿಂಗ್ ಖಾತೆಗೆ ಹೆಣ್ಣುಮಕ್ಕಳು ಬೇಕಾಗಿದ್ದರು. ಆರು ತಿಂಗಳು ಕೆಲಸ ನೋಡುವುದು, ಆಮೇಲೆ ಕಾಯಂ ಮಾಡುವುದು, ಇದು ಗಿರಣಿಯ ಪದ್ಧತಿ. ಶ್ರೀದೇವಿ ಅರ್ಜಿ ತುಂಬಿ ಕೊಟ್ಟಳು. ಅಕ್ಷರ ಚೆನ್ನಾಗಿತ್ತು. 'ತಂದೆ ಅಥವಾ ಗಂಡನ ಹೆಸರು' ಎಂಬಲ್ಲಿ ಮಾತ್ರ ಏನೂ ಇರಲಿಲ್ಲ.

"ಇದು ಖಾಲಿ ಐತೆಲ್ಲವಾ?" ಎಂದೆ.

ಅವಳ ತಾಯಿ ಮರೆವ್ವ ಕಿಟಕಿಯ ಹತ್ತಿರ ಬಂದಳು. "ನಮ್ಮ ಅಣ್ಣನ ಹೆಸರ ಬರೀರಿ ಸಾಹೇಬ್ರ. ಜಕ್ಕಪ್ಪ ಅಂತ. ಮಂದಿ ಹಂಗ ಬರಸ್ತಾರ್ರಿ."

"ನಿಮ್ಮ ಅಣ್ಣ ಇಕಿಗಿ ಸೋದರಮಾವ ಆಗ್ತಾನ. ಅಪ್ಪ ಹೆಂಗ ಆಗ್ತಾನ? ಸುಳ್ಳ ಮಾಹಿತಿ ಕೊಟ್ರ ಮುಂದ ಯಾವಾಗರೆ ಕೆಲಸದಿಂದ ತೆಗೀಬಹುದು. ಅರ್ಜಿ ಕೆಳಗ ಅಚ್ಚ ಹಾಕ್ಯಾರ ನೋಡ್ರಿ."

ಅಚ್ಚು ಹಾಕಿದ್ದು ನಿಜ. ಆದರೆ ಅದನ್ನು ಅಷ್ಟು ಗಟ್ಟಿಯಾಗಿ ಓದಿ ಹೇಳುವ ಗುಮಾಸ್ತ ನಾನೊಬ್ಬನೇ ಇದ್ದೆ. ನಾನು ಹಗಲಿನ ಕಾಲೇಜು ಕಂಡವನಲ್ಲ. ನೇಕಾರರ ಮನೆಯ ಹುಡುಗ. ಪಾಳಿ ಮುಗಿಸಿ ಜಮಖಂಡಿಗೆ ಬಸ್ಸು ಹಿಡಿದು, ವಕೀಲ ಚನಮಲ್ಲಪ್ಪ ಸರ್ ನಡೆಸುತ್ತಿದ್ದ ಸಂಜೆಯ ತರಗತಿಯಲ್ಲಿ ಎರಡು ವರ್ಷ ಕಾರ್ಮಿಕ ಕಾಯ್ದೆ ಓದಿದವನು. "ಖಾಲಿ ಬಿಟ್ಟ ಕಾಲಂನಾಗ ನಾಳೆ ಯಾರರೆ ಬಂದು ಸುಳ್ಳ ತುಂಬತಾರ," ಎಂದು ಸರ್ ಹೇಳಿದ್ದು ನನ್ನ ವಹಿಯ ಮೊದಲ ಪುಟದಲ್ಲಿತ್ತು. ಪೂರ್ತಿ ಓದಿದವರಿಗೆ ನಿಯಮ ಎಲ್ಲಿ ಸಡಿಲಿಸಬೇಕೆಂದು ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲಿಯೂ ಸಡಿಲಿಸುತ್ತಿರಲಿಲ್ಲ.

ಶ್ರೀದೇವಿ ಚೀಲದಿಂದ ಎರಡು ಕಾಗದ ತೆಗೆದಳು. ಒಂದು ಶಾಲೆ ಬಿಟ್ಟ ದಾಖಲೆ. ಅದರಲ್ಲಿ ತಂದೆಯ ಜಾಗದಲ್ಲಿ ತಾಯಿಯ ಹೆಸರೇ ಇತ್ತು. ಇನ್ನೊಂದು ಸರಕಾರದ ಗಣತಿಯಾದ ಮೇಲೆ ಮರೆವ್ವನಿಗೆ ಕೊಟ್ಟ ಪತ್ರ. ಮರೆವ್ವ ಮಾಜಿ ದೇವದಾಸಿ ಎಂದು ಅದು ಹೇಳುತ್ತಿತ್ತು.

"ಖರೆ ಬೇಕಂದ್ರಿ, ಕೊಟ್ಟೀನಿ. ಆದ್ರ ಅಣ್ಣಾರ, ಇದನ್ನ ಯಾರಿಗೂ ತೋರಸಬ್ಯಾಡ್ರಿ."

"ಕಪಾಟದ ಕೀಲಿ ನನ್ನ ಕಡೆನ ಇರ್ತತಿ," ಎಂದೆ. ಹೆಮ್ಮೆಯಿಂದಲೇ ಎಂದೆ.

ಐದು ತಿಂಗಳು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮುಧೋಳ ಕಡೆಯ ಹಳ್ಳಿಯಿಂದ ನಸುಕಿನ ಬಸ್ಸಿಗೆ ಬರುತ್ತಿದ್ದಳು. ಹರಿದ ನೂಲಿಗೆ ಅವಳು ಹಾಕುವ ಗಂಟು ಕಣ್ಣಿಗೆ ಕಾಣುತ್ತಿರಲಿಲ್ಲ. ದಿನದ ಉತ್ಪಾದನೆಯ ಹಾಳೆಯಲ್ಲಿ ಅವಳ ಯಂತ್ರ ಯಾವಾಗಲೂ ಮೊದಲ ಮೂರರಲ್ಲಿರುತ್ತಿತ್ತು. "ಏ ಬೇ, ಸಾವಕಾಶ ಸುತ್ತ, ನಮ್ಮ ಮಾನಾ ಕಳೀಬ್ಯಾಡ," ಎಂದು ಪಕ್ಕದ ಯಂತ್ರದ ಶೇವಂತಿ ಚೇಷ್ಟೆ ಮಾಡುತ್ತಿದ್ದಳು.

೨೦೦೯ರ ಜನವರಿಯಲ್ಲಿ ಗಿರಣಿಗೆ ಕಂಪ್ಯೂಟರ್ ಬಂತು. ಎಲ್ಲರಿಗೂ ಕೊರಳಿಗೆ ಹಾಕುವ ಗುರುತಿನ ಚೀಟಿ ಕೊಡಬೇಕು, ವಾರದೊಳಗೆ ಎಲ್ಲರ ಮಾಹಿತಿ ತುಂಬು ಎಂದು ಮ್ಯಾನೇಜರ್ ಸಾಹೇಬರು ಹೇಳಿದರು. ಶ್ರೀದೇವಿಯ ಸಾಲಿನಲ್ಲಿ ತಂದೆಯ ಜಾಗಕ್ಕೆ 'ಮರೆವ್ವ' ಎಂದು ಒತ್ತಿದೆ. ನಾಳೆ ಯಾರಾದರೂ ಇದು ಗುಮಾಸ್ತನ ತಪ್ಪು ಅಂದರೆ? ಎಂಟನೆಯ ಕಾಲಂ ಷರಾ, ಅಂದರೆ ಆಫೀಸಿನ ಟಿಪ್ಪಣಿಗೆ ಬಿಟ್ಟ ಜಾಗ. ಅಲ್ಲಿ ಬರೆದೆ: 'ತಾಯಿ ಮಾಜಿ ದೇವದಾಸಿ. ದಾಖಲೆ ಕಡತದಲ್ಲಿದೆ.'

ಚೀಟಿ ಅಚ್ಚಾಗುವ ಮೊದಲು, ತಪ್ಪಿದ್ದರೆ ಮಂದಿ ಹೇಳಲಿ ಎಂದು, ಪಟ್ಟಿಯನ್ನು ನೀರಿನ ಟಾಕಿಯ ಪಕ್ಕದ ಫಲಕಕ್ಕೆ ಹಚ್ಚಬೇಕಿತ್ತು. ನಮ್ಮಲ್ಲಿ ಎಲ್ಲ ಪಟ್ಟಿಯನ್ನೂ ಅಲ್ಲಿ ಹಚ್ಚುತ್ತಿದ್ದೆವು. ಹಿಂದೊಮ್ಮೆ ಬಡ್ತಿಯ ಪಟ್ಟಿಯಲ್ಲಿ ಒಂದು ಕಾಲಂ ಮುಚ್ಚಿ ಹಚ್ಚಿದ್ದಕ್ಕೆ ಮಂದಿ ಎರಡು ದಿನ ಯಂತ್ರ ನಿಲ್ಲಿಸಿದ್ದರು. ಅಂದಿನಿಂದ ಪೂರಾ ಪಟ್ಟಿ ಹಚ್ಚುವುದೆಂದು ಮಾತಾಗಿತ್ತು. ಇನ್ನೂ ಒಂದು ಪದ್ಧತಿ ಇತ್ತು. ವೈಂಡಿಂಗಿನ ಹೆಣ್ಣುಮಕ್ಕಳಲ್ಲಿ ಓದು ಬರುವವರು ಕಡಿಮೆ. ಏಳನೆಯ ತರಗತಿ ಪಾಸಾದ ಶೇವಂತಿ ಫಲಕದ ಮುಂದೆ ನಿಂತು, ಸಾಲಿನ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. ನಡುವೆ ಬಿಟ್ಟರೆ "ಪೂರಾ ಓದ ಬೇ, ನುಂಗಬ್ಯಾಡ" ಎಂದು ಬೈಸಿಕೊಳ್ಳುತ್ತಿದ್ದಳು.

ಅಚ್ಚಾದ ಹಾಳೆಯಲ್ಲಿ ಎಂಟೂ ಕಾಲಂ ಬಂದಿದ್ದವು. ನಾನು ನೋಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನೋಡಿದ್ದೆ. ಪಾಳಿ ಬದಲಾಗಲು ಹತ್ತು ನಿಮಿಷವಿತ್ತು. ಹಾಳೆಯ ಅಂಚು ಮಡಚಲೇ ಎಂದು ಕೈ ಹೋಯಿತು. ಮಡಚಿದರೆ ಮತ್ತೆ ಗುಮಾಸ್ತ ಏನೋ ಮುಚ್ಚಿದ ಅನ್ನುತ್ತಾರೆ. ಒಂದೇ ದಿನದ ಮಾತು, ತಮ್ಮ ತಮ್ಮ ಹೆಸರು ಬಿಟ್ಟು ಯಾರು ಏನು ನೋಡುತ್ತಾರೆ ಅಂದುಕೊಂಡೆ. ಶೇವಂತಿಯ ನೆನಪೂ ಬಂತು. ಬಂದ ಮೇಲೂ ಹಚ್ಚಿದೆ.

ಶೇವಂತಿ ಓದುತ್ತ ಬಂದಳು. ಕಿಟಕಿಯೊಳಗೆ ಕುಳಿತ ನನಗೆ ಕೇಳಿಸುತ್ತಿತ್ತು. "ನಲವತ್ತೊಂದು. ಶ್ರೀದೇವಿ. ತಂದಿ, ಗಂಡ... ಮರೆವ್ವ." ಯಾರೋ ನಕ್ಕರು. "ಗಂಡ ಮರೆವ್ವ ಏನಬೇ?" ಶೇವಂತಿಯೂ ನಗುತ್ತಲೇ ಮುಂದೆ ಓದಿದಳು. ವಯಸ್ಸು, ಊರು, ಖಾತೆ, ಸೇರಿದ ತಾರೀಖು, ಮತ್ತೆ ಷರಾ. 'ಮಾಜಿ ದೇವದಾಸಿ' ಎಂಬಲ್ಲಿ ಅವಳ ದನಿ ಸಣ್ಣದಾಯಿತು. ಆದರೂ ಓದಿ ಮುಗಿಸಿದಳು. ನಗು ನಿಂತಿತು.

ನಾನು ಓಡಿ ಹೋಗಿ ಹಾಳೆ ಹರಿದು ತಂದೆ. ಇನ್ನೂ ಹೆಸರು ಓದದ, ನಲವತ್ತೆರಡರಿಂದ ಮುಂದಿನವರು ಗದ್ದಲ ಹಾಕಿದರು.

ಶ್ರೀದೇವಿ ಗುಂಪಿನ ಹಿಂದೆ ನೀರು ಕುಡಿಯುತ್ತ ನಿಂತಿದ್ದಳು. ಲೋಟವನ್ನು ಟಾಕಿಯ ಮೇಲೆ ಬೋರಲು ಇಟ್ಟು, ನನ್ನ ಕಿಟಕಿಯ ಕಡೆ ಒಮ್ಮೆ ನೋಡಿ, ಯಂತ್ರಕ್ಕೆ ಹೋದಳು.

ಶೇವಂತಿ ಮರುದಿನದಿಂದ ಚೇಷ್ಟೆ ಬಿಟ್ಟಳು, ಮಾತನ್ನೂ ಬಿಟ್ಟಳು. ಉಳಿದವರು ಊಟಕ್ಕೆ ಬೇರೆ ಸಾಲಿನಲ್ಲಿ ಕೂತರು. ಆ ಖಾತೆಯ ಜಾಬರ್ ಯಮನಪ್ಪ, ಯಂತ್ರ ಹಂಚಿಕೊಡುವವನು, ನಾಲ್ಕನೆಯ ದಿನ ಎಲ್ಲರೆದುರು ಅಂದ, "ನಿನಗ್ಯಾಕವಾ ಈ ನೂಲು ಸುತ್ತೂ ತ್ರಾಸ? ನಿಮ್ಮ ಮನೀ ಉದ್ಯೋಗ ಹಗರ ಐತೆಲ್ಲ." ಶ್ರೀದೇವಿ ಕೈಯಲ್ಲಿದ್ದ ತುಂಬಿದ ಕೋನನ್ನು ಅವನ ಎದೆಗೆ ಒಗೆದಳು. ಸಂಜೆಯೊಳಗೆ ಅವನು ದೂರು ಬರೆದುಕೊಟ್ಟ. ಅವನು ಆಡಿದ ಮಾತು ಅದರಲ್ಲಿ ಇರಲಿಲ್ಲ.

ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದರು. "ಆ ಹುಡುಗಿ ಕಾಯಂ ಮಾಡೂದು ಬ್ಯಾಡ. ಖಾತೆ ವಾತಾವರಣ ಕೆಡ್ತತಿ. ಕೆಲಸ ತೃಪ್ತಿಕರ ಇಲ್ಲಂತ ಬರಿ."

"ಸಾಹೇಬ್ರ, ಉತ್ಪಾದನಾ ಹಾಳಿಯೊಳಗ ಆಕಿ..."

"ನೀಲಕಂಠ, ನೀ ಓದಿದ್ದು ಸಂಜಿ ಸಾಲ್ಯಾಗ. ನನಗ ಹಗಲಿಗೆ ಕಾಯ್ದೆ ಹೇಳಬ್ಯಾಡ."

ಬರೆದೆ. ತಪ್ಪಿಲ್ಲದೆ ಬರೆದೆ. ಕೆಳಗೆ 'ತಯಾರಿಸಿದವರು' ಎಂಬಲ್ಲಿ ಸಹಿಯನ್ನೂ ಹಾಕಿದೆ. ಆ ಜಾಗವನ್ನು ಖಾಲಿ ಬಿಡಲು ನನಗೆ ಬರಲಿಲ್ಲ.

ಪತ್ರ ಒಯ್ಯಲು ಬಂದ ಶ್ರೀದೇವಿ ಅಳಲಿಲ್ಲ. "ಅಣ್ಣಾರ, ಬಾಗಲಕೋಟಿ ಲೇಬರ್ ಆಫೀಸಿಗೆ ಅರ್ಜಿ ಹಾಕ್ತೀನಿ. ನೀವು ಎರಡ ಮಾತ ಬರದ ಕೊಡ್ರಿ. ಪಟ್ಟಿ ಹಚ್ಚಿದ್ದು, ನನ್ನ ಕೆಲಸ ಹೆಂಗಿತ್ತನ್ನೂದು. ಅಷ್ಟ."

"ನೋಡೂಣು," ಎಂದೆ.

ಅಂದು ಸಂಜೆ ಜಮಖಂಡಿಗೆ ಹೋಗಿ ಚನಮಲ್ಲಪ್ಪ ಸರ್ ಮುಂದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಸಬರನ್ನ ತೆಗೀಬಹುದು. ಆದ್ರ ಕೆಲಸದ ನೆವ ಹೇಳಿ ಹುಟ್ಟು ನೋಡಿ ತೆಗದ್ರ ಅದು ಭೇದಭಾವ. ಕೇಳಾಕ ಬರ್ತತಿ. ತೋರಸಾಕ ಕಾಗದ ಬೇಕು. ಅದು ಯಾರ ಕಡೆ ಐತಿ?"

"ನನ್ನ ಕಡೆ ಸರ್. ಆದ್ರ ಕಡತದಾಗಿನ ಮಾತ ಹೊರಗ ಬಿದ್ದದ್ದಕ್ಕ ಏನರೆ ಕಾಯ್ದೆ..."

"ಅದಕ್ಕಂತನ ಒಂದ್ ಕಾಯ್ದೆ ನಮ್ಮಲ್ಲಿ ಇನ್ನೂ ಆಗಿಲ್ಲಪಾ. ಅಲ್ಲೀತನಕ ಕೀಲಿ ಹಿಡದಾವನ ಕಾಯ್ದೆ. ಹೋಗು, ಬರಿ."

ಬರೆಯಲು ಕೂತೆ. 'ಕಣ್ತಪ್ಪಿನಿಂದ ಪಟ್ಟಿ ಹಚ್ಚಲಾಯಿತು' ಎಂದು ಬರೆದೆ, ಅದು ಸುಳ್ಳು. 'ನೋಡಿಯೂ ಹಚ್ಚಿದೆ' ಎಂದು ಬರೆದೆ, ಹೊಡೆದುಹಾಕಿದೆ. ಹನ್ನೊಂದು ಹಾಳೆ ಕೆಡಿಸಿದೆ. ಕೊನೆಗೆ ಒಂದು ಸರಿಯಾಯಿತು. ಅದರೊಂದಿಗೆ ಐದು ತಿಂಗಳ ಉತ್ಪಾದನೆಯ ಹಾಳೆಗಳ ಪ್ರತಿಯನ್ನೂ ಜೋಡಿಸಿದೆ.

ವಿಚಾರಣೆ ಮಾರ್ಚ್ ತಿಂಗಳ ಒಂದು ಮಂಗಳವಾರ, ಹನ್ನೊಂದು ಗಂಟೆಗೆ. ನಾನು ರಜೆ ಹಾಕಿ ಜಮಖಂಡಿಯಿಂದ ಬಾಗಲಕೋಟೆಯ ಬಸ್ಸು ಹತ್ತಿದೆ. ಲಕೋಟೆ ಅಂಗಿಯ ಒಳಗಿತ್ತು. ಹೆಂಡತಿಗೆ ಏನೂ ಹೇಳಿರಲಿಲ್ಲ. ಕೆಲಸ ಹೋದರೆ ಏನು ಮಾಡುವುದು? ಮನೆಯ ಮಗ್ಗ ಮಾರಿ ಆರು ವರ್ಷವಾಗಿತ್ತು. ಈ ವಯಸ್ಸಿನಲ್ಲಿ, ಸಂಜೆಯ ತರಗತಿಯ ಪತ್ರ ಹಿಡಿದವನನ್ನು ಯಾರು ಕರೆದು ಕುರ್ಚಿ ಕೊಡುತ್ತಾರೆ? ಬೀಳಗಿಯಲ್ಲಿ ಬಸ್ಸು ನಿಂತಿತು. ಹತ್ತು ನಿಮಿಷ ಎಂದ ಕಂಡಕ್ಟರ್. ಚಹಾ ಕುಡಿಯಲು ಇಳಿದೆ. ಎದುರಿಗೆ ಜಮಖಂಡಿಯ ಬಸ್ಸು ಹೊರಡಲು ಸಿದ್ಧವಾಗಿತ್ತು.

ಅದನ್ನು ಹತ್ತಿದೆ.

ನಡೆದದ್ದನ್ನು ಆಮೇಲೆ ಗಿರಣಿಯ ವಕೀಲರು ನಗುತ್ತ ಹೇಳಿದರು. ಹುಡುಗಿ ಬಾಗಿಲ ಕಡೆ ನೋಡುತ್ತ ನಿಂತಿದ್ದಳಂತೆ. ಸಾಕ್ಷಿ ಯಾರು ಎಂದು ಕೇಳಿದಾಗ "ಬರ್ತಾರ್ರಿ" ಅಂದಳಂತೆ, ಎರಡು ಸಲ. ವಕೀಲರು ತೋರಿಸಿದ್ದು ಒಂದೇ ಕಾಗದ, ಕೆಲಸ ತೃಪ್ತಿಕರ ಇಲ್ಲವೆಂದು ನನ್ನ ಸಹಿ ಇದ್ದ ಪತ್ರ. ಅವಳು ಅರ್ಜಿ ಹಿಂದೆ ತೆಗೆದುಕೊಂಡು ಹೋದಳು.

ಎರಡು ವರ್ಷ ಆ ಲಕೋಟೆ ನನ್ನ ಕಪಾಟಿನಲ್ಲಿತ್ತು. ೨೦೧೧ರಲ್ಲಿ ಅವಳು ಮುಧೋಳದ ಒಂದು ಹೊಲಿಗೆ ಕಾರ್ಖಾನೆಯಲ್ಲಿದ್ದಾಳೆಂದು ಶೇವಂತಿಯೇ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದೇ ಭಾನುವಾರ ಹೋದೆ. ಮುಧೋಳದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಭಾನುವಾರದ ಪಾಳಿ ಮುಗಿಸಿ ಊರಿನ ಬಸ್ಸಿಗೆ ಕಾಯುತ್ತಿದ್ದಳು. ಸಪೂರವಾಗಿದ್ದಳು. ಕೊರಳಲ್ಲಿ ಗುರುತಿನ ಚೀಟಿ ಇತ್ತು.

"ಆರಾಮದೀರೇನ್ರಿ?" ಎಂದು ಅವಳೇ ಕೇಳಿದಳು. ಈ ಸಲ ಅಣ್ಣಾರ ಅನ್ನಲಿಲ್ಲ.

ಲಕೋಟೆ ಕೊಟ್ಟೆ. "ನೀ ಕೇಳಿದ್ದ ಕಾಗದವಾ. ಅಂದ ಬರದಿದ್ದೆ. ಇನ್ನೂ ಏನರೆ ದಾರಿ ಇದ್ರ, ನಾ ಬಂದು ಹೇಳ್ತೀನಿ. ಈ ಸಲ ಖರೆ ಬರ್ತೀನಿ."

ಅವಳು ನಿಂತಲ್ಲೇ ಪೂರ್ತಿ ಓದಿದಳು. 'ನೋಡಿಯೂ ಹಚ್ಚಿದೆ' ಎಂಬಲ್ಲಿ ಕಣ್ಣು ಸ್ವಲ್ಪ ಹೊತ್ತು ನಿಂತಂತೆ ಕಂಡಿತು. ಆಮೇಲೆ ಕೊರಳಿನ ಚೀಟಿಯನ್ನು ನನ್ನ ಕಡೆ ಹೊರಳಿಸಿದಳು. ಹೆಸರಿನ ಕೆಳಗೆ 'ತಂದೆ: ಶಿವಪುತ್ರಪ್ಪ' ಎಂದಿತ್ತು.

"ಯಾರದು?" ಬಾಯಿ ತಪ್ಪಿ ಕೇಳಿಬಿಟ್ಟೆ.

"ನಿಮ್ಮದಂತೂ ಅಲ್ರಿ, ಹೆದರಬ್ಯಾಡ್ರಿ." ನಕ್ಕಳು. ನಗು ತಕ್ಷಣ ಹೋಯಿತು. "ಯಾರದೂ ಅಲ್ಲ. ಗ್ವಾಡಿ ಮ್ಯಾಲೆ ಬರದಿದ್ದ ಹೆಸರ ನೋಡಿ ಬರಸೀನಿ. ಅಲ್ಲಿ ಗುಮಾಸ್ತ ಏನೂ ಕೇಳಲಿಲ್ಲ. ಎರಡ ವರ್ಷ ಆತು, ಕಾಯಂ ಆಗೇನಿ. ಈಗ ನಿಮ್ಮ ಈ ಖರೆ ಕಾಗದ ಹೊರಗ ಬಂದ್ರ ನನ್ನ ಚೀಟಿ ಸುಳ್ಳಾಗ್ತತಿ. ಸುಳ್ಳ ಮಾಹಿತಿ ಕೊಟ್ರ ತೆಗೀತಾರಂತ ನೀವ ಓದಿ ಹೇಳಿದ್ರೆಲ್ಲ?"

ಅವಳು ಕಾಗದವನ್ನು ನನ್ನ ಕಡೆ ಚಾಚಿದಳು.

"ಹರದ ಹಾಕ್ರಿ ಇದನ್ನ."

ಕೈಗೆ ತೆಗೆದುಕೊಂಡೆ. ಹಿಡಿದುಕೊಂಡೇ ನಿಂತೆ. ಸಹಿ ಮಾಡಿದ ದಾಖಲೆ ಹರಿಯುವುದು ನನ್ನ ಬೆರಳುಗಳಿಗೆ ಬರಲೇ ಇಲ್ಲ. ಅವಳು ಒಂದು ಗಳಿಗೆ ಕಾಯ್ದಳು. ಆಮೇಲೆ ತಾನೇ ಕಸಿದುಕೊಂಡು ನಡುವೆ ಹರಿದು, ಮತ್ತೆ ಅಡ್ಡ ಹರಿದು, ನಾಲ್ಕು ತುಂಡನ್ನೂ ನೀಟಾಗಿ ಒಂದರ ಮೇಲೊಂದು ಜೋಡಿಸಿ ನನ್ನ ಅಂಗೈಯಲ್ಲಿಟ್ಟಳು.

"ಕಪಾಟದ ಕೀಲಿ ನಿಮ್ಮ ಕಡೆನ ಐತೆಲ್ರಿ," ಎಂದಳು. "ಇಡ್ರಿ."

ಅವಳ ಬಸ್ಸು ಬಂತು.